ಬೋಳು ಹೊಸ್ತಿಲಿನ ನೇರ ಪ್ರಸಾರ

ಒಂದೂರಲ್ಲಿ ಒಬ್ಬಳು ಹುಡುಗಿ ಇದ್ದಳಂತೆ. ಕಳೆದುಹೋದ ಊರನ್ನು ಗಾಜಿನೊಳಗೆ ಕೂರಿಸುವ ವಿದ್ಯೆ ಅವಳಿಗೆ ಬರುತ್ತಿತ್ತಂತೆ. ಮಣ್ಣು ಕಲೆಸಬೇಕಾಗಿರಲಿಲ್ಲ, ಹೆಂಚು ಹೊರಬೇಕಾಗಿರಲಿಲ್ಲ. ಬೆರಳ ತುದಿಯಲ್ಲಿ ಟಕಟಕ ಅಂದರೆ ಗೋಡೆ ಏಳುತ್ತಿತ್ತು, ಇನ್ನೊಂದು ಸಲ ಅಂದರೆ ಹುಣಸೆಮರ. ಆ ಊರಲ್ಲಿ ಮಳೆ ಬಂದರೆ ನೆಲ ನೆನೆಯುತ್ತಿರಲಿಲ್ಲ, ಒಲೆ ಉರಿದರೆ ಹೊಗೆ ಕಣ್ಣಿಗೆ ಹತ್ತುತ್ತಿರಲಿಲ್ಲ. ಒಂದು ದಿನ ಒಬ್ಬಳು ಮುದುಕಿ ಬಂದು ಗಾಜಿನ ಮುಂದೆ ಕೂತಳು. "ಇದು ನನ್ನ ಮನೆ ಅಲ್ವಾ?" ಅಂದಳು. ಹುಡುಗಿ ಹೌದು ಅಂದಳು. ಕಷ್ಟ ಅಲ್ಲಿಂದ ಶುರುವಾಯಿತಂತೆ.

ಮುನಿಯಮ್ಮನ ಕತೆಗಳೆಲ್ಲ ಹೀಗೇ ಶುರುವಾಗುತ್ತಿದ್ದವು. ಅವಳು ಕತೆ ಹೇಳುವಾಗ ಕೇಳುವವರು ಪ್ರತಿ ಮಾತಿಗೂ ಹೂಂಗುಟ್ಟಬೇಕು. ಹೂಂ ನಿಂತರೆ ಕತೆಯೂ ನಿಂತಿತು. ರಾಜಕುಮಾರ ಕುದುರೆಯ ಮೇಲೆ ಒಂದು ಕಾಲು ಹಾಕಿದ್ದರೆ ಹಾಗೇ, ಒಂದು ಕಾಲಿನಲ್ಲಿ, ಮಾರನೆಯ ದಿನದವರೆಗೆ ನಿಂತಿರಬೇಕು. ಮೊಮ್ಮಗಳು ಭಾನುಪ್ರಿಯ ಹೀಗೆ ಹೂಂಗುಟ್ಟುತ್ತಲೇ ಬೆಳೆದವಳು. ಆದರೆ ಮೇಲಿನ ಕತೆ ಮಾತ್ರ ಮುನಿಯಮ್ಮ ಹೇಳಿದ್ದಲ್ಲ. ಅದನ್ನು ಭಾನುವೇ ಹೇಳಬೇಕಾಗಿ ಬಂತು, ಹೂಂಗುಟ್ಟುವ ಸರದಿ ಅಜ್ಜಿಯದಾಯಿತು. ಅದು ಹೇಗೆ ಅಂತ ಹೇಳಬೇಕು.

ಅವರ ಊರು ಸಿದ್ದಯ್ಯನದೊಡ್ಡಿ, ಮರಳವಾಡಿಯಿಂದ ಒಳಗೆ. ಕಾರ್ಖಾನೆಗಳಿಗೆಂದು ಸುತ್ತಲ ಜಮೀನನ್ನು ತೆಗೆದುಕೊಂಡಾಗ ಊರೂ ಅದರ ಜೊತೆಗೇ ಹೋಯಿತು. ಜನ ಕನಕಪುರ, ಮಾಗಡಿ, ಬಿಡದಿ ಅಂತ ಚದುರಿದರು. ಭಾನುವಿನ ಅಪ್ಪ ಬೋರಲಿಂಗಯ್ಯ ಚನ್ನಪಟ್ಟಣದಲ್ಲಿ ಒಂದು ಹಿಟ್ಟಿನ ಮಿಲ್ಲು ಹಾಕಿದ. ಮನೆ ಕೆಡವುವ ದಿನ ತನ್ನ ತಾಯಿ ಅದನ್ನು ನೋಡಬಾರದು ಅಂತ ಅವನಿಗೆ ಅನ್ನಿಸಿತು. ಮುನಿಯಮ್ಮನನ್ನು ಕೆಂಗಲ್ ಆಂಜನೇಯನ ದರ್ಶನಕ್ಕೆ ಅಂತ ಹೆಂಡತಿಯ ಜೊತೆ ಕಳಿಸಿದ. ದರ್ಶನ ಮುಗಿಸಿ ತೆಂಗಿನಕಾಯಿ ಹೋಳು ಹಿಡಿದುಕೊಂಡು ಬಂದವಳನ್ನು ಬಸ್ಸು ಇಳಿಸಿದ್ದು ಚನ್ನಪಟ್ಟಣದ ಬಾಡಿಗೆ ಮನೆಯ ಮುಂದೆ. "ಊರು ಹೋಯ್ತು ಕಣವ್ವ" ಅಂದಿದ್ದ ಮಗ. ಮುನಿಯಮ್ಮ ಅಳಲಿಲ್ಲ. "ನಾನು ಕಂಡಿಲ್ಲ" ಅಂದಿದ್ದಳು, ಅಷ್ಟೇ. ಆಮೇಲೆ ಯಾರು ಆ ಮಾತೆತ್ತಿದರೂ ಅವಳದು ಅದೇ ಉತ್ತರ. ಕೆಡವಿದರು ಅಂತ ನೀವು ಹೇಳ್ತೀರಿ, ನಾನು ಕಂಡಿಲ್ಲ.

ಮೂರು ವರ್ಷ ಕಳೆಯಿತು. ಭಾನು ಡಿಗ್ರಿ ಮುಗಿಸಿ ಬಸ್ ಸ್ಟ್ಯಾಂಡ್ ಪಕ್ಕದ ಇದ್ರೀಸನ ಸೈಬರ್ ಸೆಂಟರ್‌ನಲ್ಲಿ ಕೆಲಸಕ್ಕೆ ಸೇರಿದಳು. ಬಯೋಡೇಟಾ ಟೈಪ್ ಮಾಡುವುದು, ರಿಸಲ್ಟ್ ಬಂದ ದಿನ ಮಾರ್ಕ್ಸ್ ಕಾರ್ಡ್ ಪ್ರಿಂಟ್ ತೆಗೆಯುವುದು, ಕರೆಂಟ್ ಹೋದರೆ ಯುಪಿಎಸ್ ಕೂಗಿ ನಿಲ್ಲುವುದರೊಳಗೆ ಎಲ್ಲ ಸಿಸ್ಟಂ ಮುಚ್ಚುವುದು. ಭಾನುವಾರ ಮಧ್ಯಾಹ್ನ ಅಲ್ಲಿ ಯಾರೂ ಇರುತ್ತಿರಲಿಲ್ಲ. ಆಗ ಅವಳು ಹುಡುಗರು ಗೇಮ್ ಆಡುವ ಮೂರನೇ ನಂಬರ್ ಸಿಸ್ಟಂ ಮುಂದೆ ಕೂತು ಬೇರೊಂದು ಲೋಕಕ್ಕೆ ಹೋಗುತ್ತಿದ್ದಳು. ಇಂಟರ್‌ನೆಟ್ಟಿನಲ್ಲೇ ಇರುವ ಲೋಕ ಅದು. ಅಲ್ಲಿ ಒಬ್ಬೊಬ್ಬರಿಗೂ ಒಂದೊಂದು ಬೊಂಬೆ, ಅದಕ್ಕೆ ಅವತಾರ ಅಂತಲೇ ಹೆಸರು. ಬೇಕೆಂದರೆ ಹಾರಬಹುದು, ಬೇಕೆಂದಲ್ಲಿ ಮನೆ ಕಟ್ಟಬಹುದು. ಅಲ್ಲಿ ಪರಿಚಯವಾದ ಯಾವುದೋ ದೇಶದ ಹೆಂಗಸೊಬ್ಬಳು ತನ್ನ ದ್ವೀಪದ ಒಂದು ಮೂಲೆಯನ್ನು ಭಾನುವಿಗೆ ಬಿಟ್ಟುಕೊಟ್ಟಿದ್ದಳು. ಬೇರೆಯವರು ಅಂಥ ಜಾಗದಲ್ಲಿ ಅರಮನೆ ಕಟ್ಟುತ್ತಾರೆ. ಭಾನು ಸಿದ್ದಯ್ಯನದೊಡ್ಡಿ ಕಟ್ಟಿದಳು.

ಊರು ಬಿಡುವ ಮುಂಚೆ ಮೊಬೈಲಿನಲ್ಲಿ ತೆಗೆದ ಫೋಟೋಗಳು ಅವಳ ಹತ್ತಿರ ಇದ್ದವು. ಅವನ್ನೇ ಕತ್ತರಿಸಿ ಆ ಲೋಕದ ಗೋಡೆಗಳಿಗೆ ಮೆತ್ತಿದಳು. ಹಾಗಾಗಿ ಗೋಡೆಯ ಬಿರುಕು ನಿಜದ ಬಿರುಕು, ಬಾಗಿಲ ಮೇಲಿನ ಮಸಿ ನಿಜದ ಮಸಿ. ಊರ ಹಿಂದಿನ ಆನೆಬಂಡೆಯೂ ನಿಜದ್ದೇ, ಬಗ್ಗಿದ ಬೆನ್ನಿನ ಸಮೇತ. ಆಮೇಲೆ ಕಂಪ್ಯೂಟರ್ ಪರದೆಯ ಮೇಲೆ ಕಾಣುವುದನ್ನು ಕಂಡ ಹಾಗೇ ಹಿಡಿದು ಒಂದು ವೆಬ್‌ಸೈಟಿಗೆ ಕಳಿಸುವ ಸಾಫ್ಟ್‌ವೇರ್ ಸಿಕ್ಕಿತು. ಅವಳ ಬೊಂಬೆ ಊರೊಳಗೆ ನಡೆದರೆ ಲೋಕದ ಯಾವ ಮೂಲೆಯಲ್ಲಿ ಕೂತವರೂ ಆಗಲೇ ನೋಡಬಹುದು. ಹಳೆಯ ಊರಿನವರ ಮಕ್ಕಳಿಗೆ ಸುದ್ದಿ ಹೋಯಿತು. ಕನಕಪುರದ ಸೈಬರ್‌ನಲ್ಲಿ ಕೂತ ಲೋಕೇಶ್, 'ಅಕ್ಕ, ಒಸಿ ಎಡಕ್ಕೆ ತಿರುಗು, ನಮ್ಮ ಕೊಟ್ಟಿಗೆ ಬರ್ಲಿ' ಅಂತ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಟೈಪ್ ಮಾಡುತ್ತಿದ್ದ. ಮಾಗಡಿಯಿಂದ ಬಾಲರಾಜು, 'ನಮ್ಮ ಬೇಲೀಲಿ ಸೀತಾಫಲದ ಗಿಡ ಇತ್ತು, ಮರ್ತಿದ್ದೀಯ' ಅಂತ ಬರೆಯುತ್ತಿದ್ದ. ಭಾನು ಮುಂದಿನ ವಾರಕ್ಕೆ ಸೀತಾಫಲ ನೆಡುತ್ತಿದ್ದಳು. ಅವರಿಗೆಲ್ಲ ಇದು ಕಟ್ಟಿದ ಊರು ಅಂತ ಗೊತ್ತಿತ್ತು.

ಒಂದು ಭಾನುವಾರ ಮುನಿಯಮ್ಮ ಮೊಮ್ಮಗಳಿಗೆ ಬುತ್ತಿ ತಂದಳು. ಅಜ್ಜಿಗೆ ತೋರಿಸಬೇಕು ಅಂತ ಭಾನುವಿಗೂ ಎಷ್ಟೋ ದಿನದಿಂದ ಆಸೆ. ಪ್ರಸಾರ ಹೇಗೆ ಬರುತ್ತಿದೆ ನೋಡಲು ಪಕ್ಕದ ನಾಲ್ಕನೇ ನಂಬರ್ ಸಿಸ್ಟಂನಲ್ಲಿ ಅದನ್ನೇ ಹಾಕಿರುತ್ತಿದ್ದಳು. ಅಜ್ಜಿಯನ್ನು ಅದರ ಮುಂದೆ ಕೂರಿಸಿ ತಾನು ಮೂರನೆಯದಕ್ಕೆ ಹೋದಳು. ನಡುವೆ ಒಂದು ಪ್ಲೈವುಡ್ ಹಲಗೆ. ಇಲ್ಲಿ ಆದದ್ದು ಅಲ್ಲಿ ಸ್ವಲ್ಪ ತಡವಾಗಿ ಕಾಣುತ್ತಿತ್ತು. ಪ್ರಸಾರದಲ್ಲಿ ಬೊಂಬೆ ಕಾಣುತ್ತಿರಲಿಲ್ಲ, ಅದರ ಕಣ್ಣಿಗೆ ಬಿದ್ದದ್ದಷ್ಟೇ ಕಾಣುತ್ತಿತ್ತು. ಭಾನುವಿನ ಬೊಂಬೆ ಓಣಿ ದಾಟಿ, ಹುಣಸೆಮರ ದಾಟಿ, ಮನೆಯ ಮುಂದೆ ನಿಂತು ಆಗಿತ್ತು. ಹಲಗೆಯ ಆಚೆ ಇನ್ನೂ ಸದ್ದಿಲ್ಲ. ಆಮೇಲೆ ಅಜ್ಜಿಯ ದನಿ ಬಂತು.

"ಭಾನಿ. ಇದು ನಮ್ಮನೆ ಅಲ್ವಾ?"

"ಹೂಂ ಅಜ್ಜಿ, ನಮ್ಮನೇನೇ."

"ಇದು ಹಳೇದಾ, ಈಗಿಂದಾ?"

ಮುನಿಯಮ್ಮ ಪ್ರತಿ ವರ್ಷ ಟಿವಿಯಲ್ಲಿ ಮೈಸೂರು ದಸರಾ ನೋಡುವವಳು. ಮೂಲೆಯಲ್ಲಿ ನೇರ ಪ್ರಸಾರ ಅಂತ ಬರೆದಿದ್ದರೆ ಆನೆ ಈಗ, ಈ ಗಳಿಗೆಯಲ್ಲಿ ನಡೆಯುತ್ತಿದೆ ಅಂತ ಅವಳಿಗೆ ಗೊತ್ತು. ಹಾಗಿದ್ದಾಗ ಮಾತ್ರ ಎದ್ದು ನಿಂತು ಕೈ ಮುಗಿಯುತ್ತಿದ್ದಳು. ಮಾರನೆಯ ದಿನ ಅದನ್ನೇ ಮತ್ತೆ ತೋರಿಸಿದರೆ ಕೂತೇ ನೋಡುತ್ತಿದ್ದಳು. ಭಾನುವಿಗೆ ಅದೊಂದೂ ನೆನಪಾಗಲಿಲ್ಲ. ತಾನು ಮಾಡಿದ ಕೆಲಸದ ಹೆಮ್ಮೆಯಲ್ಲಿ ಹೇಳಿಬಿಟ್ಟಳು.

"ಈಗಿಂದೇ ಅಜ್ಜಿ. ಮೇಲೆ ಕೆಂಪು ಚುಕ್ಕಿ ಕಾಣ್ತಿಲ್ವಾ? ಲೈವ್ ಅದು. ನೇರ ಪ್ರಸಾರ."

ಕುರ್ಚಿ ಸರಿದ ಸದ್ದಾಯಿತು. ಭಾನು ಎದ್ದು ಇಣುಕಿದಳು. ಅಜ್ಜಿ ನಿಂತಿದ್ದಳು. ಎರಡೂ ಕೈ ಜೋಡಿಸಿದ್ದಳು.

ಆಗಲೇ ಹೇಳಬಹುದಿತ್ತು. ಅಜ್ಜಿ, ಇದು ನಾನು ಕಟ್ಟಿದ್ದು, ಬೊಂಬೆ ಮನೆ ಅಂತ. ಭಾನು ಬಾಯಿ ತೆರೆದಳು ಕೂಡ. ಅಷ್ಟರಲ್ಲಿ ಅಜ್ಜಿ ತಿರುಗಿ ನೋಡಿದಳು. ಒಂದು ಕಣ್ಣಿನ ಪೊರೆ ತೆಗೆಸಿ, ಇನ್ನೊಂದನ್ನು ತೆಗೆಸದೆ ಬಿಟ್ಟಿದ್ದ ಆ ಮುಖದಲ್ಲಿ ಮೂರು ವರ್ಷದಿಂದ ಕಾಣದಿದ್ದ ಬೆಳಕಿತ್ತು. "ನಾನು ಹೇಳ್ತಿರ್ಲಿಲ್ವಾ," ಅಂದಳು. ಮೆಲ್ಲಗೆ, ಯಾರಿಗೂ ಕೇಳಬಾರದು ಅನ್ನುವ ಹಾಗೆ.

"ಜನ ಯಾಕ್ ಮಗಾ ಯಾರೂ ಇಲ್ಲ?"

"ಮಧ್ಯಾಹ್ನ ಅಲ್ವಾ ಅಜ್ಜಿ. ಹೊಲದ ತಾವ ಹೋಗಿರ್ತಾರೆ."

ಇದು ಎರಡನೆಯ ಸುಳ್ಳು. ಮೊದಲನೆಯದು ಸುಳ್ಳು ಅಂತ ಅನ್ನಿಸದೆ ಬಂದಿತ್ತು. ಇದು ಗೊತ್ತಿದ್ದೇ ಬಂತು.

ಆಮೇಲೆ ಪ್ರತಿ ಭಾನುವಾರವೂ ಮುನಿಯಮ್ಮ ಬಂದಳು. ತಲೆಗೆ ಎಣ್ಣೆ ಹಚ್ಚಿ, ಒಳ್ಳೆಯ ಸೀರೆ ಉಟ್ಟು, ನೆಂಟರ ಮನೆಗೆ ಹೊರಟವಳ ಹಾಗೆ. ಇದ್ರೀಸ್ ಅವಳಿಗಾಗಿ ನಾಲ್ಕನೇ ನಂಬರಿನ ಕುರ್ಚಿಗೆ ಒಂದು ದಿಂಬು ಹಾಕಿದ.

"ಬನ್ನಿ ಅಜ್ಜಿ, ನಿಮ್ಮ ಊರ ಬಸ್ಸು ರೆಡಿ ಐತೆ," ಅನ್ನುತ್ತಿದ್ದ. "ಒಂದು ಮಾತು ಕೇಳ್ಳಾ? ಇಷ್ಟು ದೊಡ್ಡ ಊರಲ್ಲಿ ಒಂದು ಟೀ ಅಂಗಡಿ ಇಲ್ವಲ್ಲ."

"ನಮ್ಮೂರೋರು ಟೀ ಕುಡಿಯಾಕೆ ಕೂತ್ಕಂಡಿದ್ರೆ ನಿನ್ನಂಗೆ ಹೊಟ್ಟೆ ಬರ್ತಿತ್ತು ಕಣಪ್ಪ."

ಇದ್ರೀಸ್ ನಕ್ಕು ನಕ್ಕು, ಆಮೇಲೆ ಭಾನುವಿನ ಹತ್ತಿರ ಬಂದು ದನಿ ತಗ್ಗಿಸಿದ. "ಹೇಳಿಬಿಡಿ ಭಾನು. ಇವತ್ತು ನಗು. ಆಮೇಲೆ ನಗು ಇರಲ್ಲ."

"ಹೇಳ್ತೀನಿ ಇದ್ರೀಸಣ್ಣ. ಒಳ್ಳೆ ಟೈಮ್ ನೋಡಿ ಹೇಳ್ತೀನಿ."

ಒಳ್ಳೆ ಟೈಮ್ ಬರಲಿಲ್ಲ. ಬದಲಿಗೆ ಅಜ್ಜಿಯ ಕಣ್ಣಿಗೆ ಹೊಸ್ತಿಲು ಬಿತ್ತು.

"ಬಾಗ್ಲತ್ರ ಹೋಗು ಒಸಿ," ಅಂದಳು ಹಲಗೆಯ ಆಚೆಯಿಂದ. ಭಾನು ಬೊಂಬೆಯನ್ನು ಬಾಗಿಲ ಹತ್ತಿರ ನಡೆಸಿದಳು. ಸ್ವಲ್ಪ ಹೊತ್ತು ಕಾದಳು. "ಅಯ್ಯೋ ಮಗಾ, ಹೊಸ್ತಿಲು ಬೋಳಾಗೈತಲ್ಲೇ. ಅಂಗಳದಲ್ಲಿ ಒಂದೆಳೆ ರಂಗೋಲಿ ಇಲ್ಲ. ಸಾವಾದ ಮನೆ ಹಂಗೆ."

ಭಾನು ಗೋಡೆಯ ಬಿರುಕು ಮರೆತಿರಲಿಲ್ಲ, ಮಸಿ ಮರೆತಿರಲಿಲ್ಲ. ರಂಗೋಲಿ ಮರೆತಿದ್ದಳು. ಫೋಟೋ ತೆಗೆದ ದಿನ ಅಂಗಳದ ತುಂಬ ಗಂಟುಮೂಟೆ ಇದ್ದವು.

"ಇದನ್ನ ಯಾರ್ಯಾರು ನೋಡ್ತಾರೆ?" ಅಜ್ಜಿ ಕೇಳಿದಳು.

"ಲೋಕೇಶ, ಬಾಲರಾಜು... ನಮ್ಮೂರೋರೆಲ್ಲ ನೋಡ್ತಾರೆ."

"ಎಲ್ರೂ ನೋಡ್ತಾವ್ರೆ. ಮುನಿಯಮ್ಮನ ಮನೆ ಮುಂದೆ ಕಸ ಗುಡ್ಸೋರೂ ದಿಕ್ಕಿಲ್ಲ ಅಂದ್ಕತಾರೆ." ಅಜ್ಜಿ ಎದ್ದು ಬಂದು ಭಾನುವಿನ ಕುರ್ಚಿಯ ಹತ್ತಿರ ನಿಂತಳು. ಬಲಗೈ ಚಾಚಿದಳು. "ಒಂದ್ ಕಿತ ಕರ್ಕೊಂಡೋಗು ನನ್ನ. ಒಸಿ ಸಗಣಿ ನೀರು ಹಾಕಿ, ಒಂದು ರಂಗೋಲಿ ಬುಟ್ಟು ಬಂದ್ಬುಡ್ತೀನಿ. ಇರಾಕೇನು ಕೇಳಕಿಲ್ಲ. ಭಾಷೆ ಕೊಡು."

ಮುನಿಯಮ್ಮನ ಕತೆಗಳಲ್ಲಿ ಭಾಷೆ ಕೊಟ್ಟು ತಪ್ಪಿದವರು ಕಲ್ಲಾಗುತ್ತಿದ್ದರು. ಭಾನು ಆ ಕೈಯ ಮೇಲೆ ಕೈ ಇಟ್ಟಳು. "ಕರ್ಕೊಂಡೋಗ್ತೀನಿ ಅಜ್ಜಿ."

ಅದಾದ ಮೇಲೆ ನೆಪಗಳು ಶುರುವಾದವು. ಮಳೆ ಬರುತ್ತಿದೆ ಅಜ್ಜಿ. ರಜೆ ಸಿಗಲಿಲ್ಲ. ಆಷಾಢ ಕಳೆಯಲಿ. ಅಜ್ಜಿ ಒಂದಕ್ಕೂ ಎದುರು ಹೇಳದೆ ಒಪ್ಪುತ್ತಿದ್ದಳು, ಅದೇ ಭಾನುವಿಗೆ ಮುಳ್ಳಾಗಿ ಚುಚ್ಚುತ್ತಿತ್ತು. ರಾತ್ರಿ ಊಟಕ್ಕೆ ಕೂತಾಗ ಅಜ್ಜಿಯ ಮುಖ ನೋಡಲಾರದೆ ತಟ್ಟೆ ಎತ್ತಿಕೊಂಡು ಟಿವಿಯ ಮುಂದೆ ಹೋಗುತ್ತಿದ್ದಳು. ಕೊನೆಗೆ ಒಂದು ಉಪಾಯ ತೋಚಿತು. ಹೊಸ್ತಿಲು ಬೋಳಾಗಿರುವುದೇ ಅಜ್ಜಿಯ ಸಂಕಟ ತಾನೆ. ಅಲ್ಲೊಂದು ರಂಗೋಲಿ ಹಾಕಿಬಿಟ್ಟರೆ ಸಂಕಟ ಹೋಯಿತು. ಇಂಟರ್‌ನೆಟ್ಟಿನಲ್ಲಿ ಹುಡುಕಿ ಒಂದು ಚಂದದ ಕಮಲದ ರಂಗೋಲಿ ತೆಗೆದಳು. ಗುಲಾಬಿ ದಳ, ಹಸಿರು ಎಲೆ, ಸುತ್ತ ಹಳದಿ. ಅಂಗಳದಲ್ಲಿ ಅದನ್ನು ಹಾಸಿದಳು.

ಆ ಭಾನುವಾರ ಬೊಂಬೆಯನ್ನು ಮನೆಯ ಮುಂದೆ ನಿಲ್ಲಿಸಿ ಹಲಗೆಯ ಕಡೆ ಕಿವಿಯಿಟ್ಟಳು. ಪ್ರಸಾರ ಆಚೆ ಮುಟ್ಟುವುದಕ್ಕೆ ಬೇಕಾದಷ್ಟು ಹೊತ್ತು ಕಳೆಯಿತು. ಅದಕ್ಕಿಂತ ಹೆಚ್ಚೂ ಕಳೆಯಿತು.

"ಇದ್ಯಾರು ಬುಟ್ಟಿದ್ದು?" ಅಂತು ದನಿ.

"ಯಾರೋ ಹಾಕವ್ರೆ ಅಜ್ಜಿ. ಚೆನ್ನಾಗೈತಲ್ಲ?"

"ಬಣ್ಣ ತುಂಬವ್ರೆ. ನಮ್ಮೂರಲ್ಲಿ ಯಾರೂ ಬಣ್ಣ ತುಂಬಾಕಿಲ್ಲ." ಕುರ್ಚಿ ಸರಿಯಿತು. "ನಮ್ಮೋರಲ್ಲ ಇವ್ರು. ಮನೇಲಿ ಯಾರೋ ಬಂದು ಸೇರ್ಕೊಂಡವ್ರೆ."

ಭಾನು ಎದ್ದು ಓಡಿ ಬರುವುದರೊಳಗೆ ಅಜ್ಜಿ ಬುತ್ತಿಯ ಚೀಲ ಎತ್ತಿಕೊಂಡಿದ್ದಳು. ಇದ್ರೀಸ್ "ಟೀ ತರಿಸ್ಲಾ ಅಜ್ಜಿ" ಅಂದದ್ದಕ್ಕೆ ಉತ್ತರ ಕೊಡದೆ ಮೆಟ್ಟಿಲಿಳಿದು ಹೋದಳು.

ಸಂಜೆ ಬೋರಲಿಂಗಯ್ಯ ಮಿಲ್ಲು ಮುಚ್ಚಿ ಬಂದ. ರೆಪ್ಪೆಯ ಮೇಲೆ, ಕಿವಿಯ ಮಡಿಕೆಯಲ್ಲಿ ಹಿಟ್ಟು ಮೆತ್ತಿತ್ತು. ಕೈಕಾಲು ತೊಳೆಯಲು ಹೋಗುತ್ತಿದ್ದವನನ್ನು ಮುನಿಯಮ್ಮ ನಡುಮನೆಯಲ್ಲೇ ನಿಲ್ಲಿಸಿದಳು.

"ಯಾರ್ಗ್ ಕೊಟ್ಟೆ ಮನೆಯ?"

"ಯಾವ ಮನೆ ಅವ್ವ?"

"ನನ್ನ ಮನೆ ಕಣ್ಲಾ. ಕೆಡವ್ಬುಟ್ರು ಅಂತ ನನ್ನ ಕೆಂಗಲ್‌ಗೆ ಕಳ್ಸಿ, ಇನ್ಯಾರ್ಗೋ ಕೊಟ್ಟಿದ್ದೀಯ. ಅವ್ರು ಅಲ್ಲಿ ಬಣ್ಣಬಣ್ಣದ ರಂಗೋಲಿ ಬುಟ್ಕಂಡು ಸುಖವಾಗವ್ರೆ."

"ಮನೆ ಇಲ್ಲ ಅವ್ವ. ಹೋಯ್ತು ಅದು."

"ನಾನು ಕಂಡಿವ್ನಿ."

ಬಚ್ಚಲ ಬಾಗಿಲಲ್ಲಿ ನಿಂತ ಭಾನು, ಅಪ್ಪನ ಮುಖ ಒಂದು ಗಳಿಗೆ ಮಗುವಿನ ಮುಖದ ಹಾಗೆ ಆದದ್ದನ್ನು ಕಂಡಳು. ಈಗ ಹೇಳಬೇಕು, ಈಗಲೇ. ಆದರೂ ಹೇಳಲಿಲ್ಲ. ಅವಳ ಅಮ್ಮ ಮುದ್ದೆಯ ತಟ್ಟೆ ತಂದು ಅತ್ತೆಯ ಮುಂದೆ ಇಟ್ಟಳು. ಮುನಿಯಮ್ಮ ಅದನ್ನು ಮೆಲ್ಲಗೆ ಹಿಂದಕ್ಕೆ ತಳ್ಳಿದಳು.

"ಇವನ ಮಿಲ್ಲಲ್ಲಿ ಬೀಸಿದ ಹಿಟ್ಟು ನನಗೆ ಬ್ಯಾಡ."

ಅಂದಿನಿಂದ ಅವಳದು ಅವಲಕ್ಕಿ, ಮಂಡಕ್ಕಿ, ಎರಡು ಬಾಳೆಹಣ್ಣು. ಮುದ್ದೆಯಿಲ್ಲದೆ ಒಂದು ಹೊತ್ತೂ ಕಳೆಯದ ಜೀವ. ಮಗನ ಜೊತೆ ಮಾತು ಬಿಟ್ಟಳು. ಅವನು ಒಳಗೆ ಬಂದರೆ ಅವಳು ಹಿತ್ತಲಿಗೆ ಹೋಗುತ್ತಿದ್ದಳು. ಭಾನುವಿನ ಜೊತೆ ಮಾತ್ರ ಮೊದಲಿಗಿಂತ ಹೆಚ್ಚು ಪ್ರೀತಿ. "ನೀನೊಬ್ಬಳೇ ನನಗೆ ನಿಜ ತೋರ್ಸಿದ್ದು ಮಗಾ" ಅಂತ ತಲೆ ಸವರುತ್ತಿದ್ದಳು. ಆ ಕೈ ತಲೆಯ ಮೇಲೆ ಕಲ್ಲಿನಷ್ಟು ಭಾರವಾಗಿರುತ್ತಿತ್ತು.

ಒಂದು ಬೆಳಿಗ್ಗೆ ಭಾನು ಕೆಲಸಕ್ಕೆ ಹೋಗುವ ದಾರಿಯಲ್ಲಿ ಮಿಲ್ಲಿಗೆ ಹೋದಳು. ಬೆಲ್ಟು ಓಡುತ್ತಿತ್ತು. ಬೋರಲಿಂಗಯ್ಯ ಯಾರದೋ ರಾಗಿಯನ್ನು ಯಂತ್ರದ ಬಾಯಿಗೆ ಸುರಿಯುತ್ತಿದ್ದ. ಮಗಳನ್ನು ಕಂಡು, ಅವಳು ಕೇಳದಿದ್ದರೂ, ಗಟ್ಟಿಯಾಗಿ ಹೇಳತೊಡಗಿದ.

"ಅವ್ವನ ತಲೇಗೆ ಯಾರೋ ಏನೋ ತುಂಬವ್ರೆ ಕಣವ್ವ. ಜೆಸಿಬಿ ಬಂದಾಗ ನಾನೇ ಅಲ್ಲಿ ನಿಂತಿದ್ದೆ. ಹೆಂಚು ಇಳ್ಸಿದ್ದು ನಾನೇ. ಆದ್ರೂ ಒಂದೊಂದ್ಸಲ ಅನ್ನುಸ್ತದೆ, ಕೆಂಗಲ್‌ಗೆ ಕಳ್ಸಿದ್ದೇ ತಪ್ಪಾಯ್ತೇನೋ. ಸುಳ್ಳು ಹೇಳ್ದೋನು ನಾನೇ ಅಲ್ವಾ."

"ನಾನಪ್ಪ," ಅಂದಳು ಭಾನು.

"ಆಂ?"

"ತಲೆ ತುಂಬಿದ್ದು ನಾನು."

ಮಿಲ್ಲಿನ ಸದ್ದಿನಲ್ಲಿ ಅವನಿಗೆ ಕೇಳಿಸಲಿಲ್ಲ. ಒಂದು ಸಲ ಹೇಳುವುದೇ ಕಷ್ಟವಿದ್ದ ಮಾತನ್ನು ಎರಡನೆಯ ಸಲ, ಕೂಗಿ ಹೇಳಬೇಕಾಯಿತು. ಬೋರಲಿಂಗಯ್ಯ ಸ್ವಿಚ್ ಆರಿಸಿದ. ಬೆಲ್ಟು ಬಡಿದುಕೊಂಡು ಬಡಿದುಕೊಂಡು ನಿಂತಿತು. ರಾಗಿ ಬೀಸಿಸಲು ಕಾದಿದ್ದ ಹೆಂಗಸರು ತಿರುಗಿ ನೋಡಿದರು. ಅವರ ಎದುರಿಗೇ ಭಾನು ಎಲ್ಲವನ್ನೂ ಹೇಳಿದಳು. ಗಾಜಿನೊಳಗಿನ ಊರು, ಕೆಂಪು ಚುಕ್ಕಿ, ಹೊಸ್ತಿಲು, ಕೊಟ್ಟ ಭಾಷೆ, ಬಣ್ಣದ ಕಮಲ.

ಬೋರಲಿಂಗಯ್ಯ ಬೈಯಲಿಲ್ಲ. "ನನಗೊಂದ್ಸಲ ತೋರ್ಸು" ಅಂದ.

ಇದ್ರೀಸನ ಸೈಬರ್‌ನಲ್ಲಿ, ತಾಯಿ ಕೂರುತ್ತಿದ್ದ ದಿಂಬಿನ ಮೇಲೆ ಕೂತು ಅವನು ತನ್ನ ಮನೆ ನೋಡಿದ. ಹಿಟ್ಟಿನ ಬೆರಳಿನಿಂದ ಪರದೆಯ ಮೇಲೆ ಆ ಬಿರುಕನ್ನು ಮುಟ್ಟಿದ. ಗಾಜಿನ ಮೇಲೆ ಬಿಳಿಯ ಗುರುತು ಉಳಿಯಿತು.

"ನನಗೆ ಗೊತ್ತಿಲ್ದೆ ಇದ್ರೆ ನಾನೂ ನಂಬ್ತಿದ್ದೆ," ಅಂದ. "ಭಾಷೆ ಕೊಟ್ಟಿದ್ದೀಯ ಅಂತೀಯ. ನಡಿ, ನಾಳೆ ಹೋಗವ. ಅವ್ವಂಗೆ ಇನ್ನು ಹೇಳಿ ಪ್ರಯೋಜನ ಇಲ್ಲ. ಕಣ್ಣಾರೆ ಕಾಣ್ಲಿ."

ಮುನಿಯಮ್ಮ ಹೊರಟಳು. ಮಗ ಬರುವುದು ಅವಳಿಗೆ ಬೇಕಿರಲಿಲ್ಲ. "ಬರ್ಲಿ, ನನ್ನ ಮನೇಲಿ ಕೂತಿರೋರ ಮುಂದೇನೇ ಕೇಳ್ತೀನಿ" ಅಂದಳು. ಸೆರಗಿನ ತುದಿಯಲ್ಲಿ ರಂಗೋಲಿ ಪುಡಿ ಕಟ್ಟಿಕೊಂಡಳು. ಸಾತನೂರಿನ ಮೇಲೆ ಕನಕಪುರಕ್ಕೆ ಹೋಗುವ ಬಸ್ಸು. ಅಜ್ಜಿ ಮೊಮ್ಮಗಳು ಒಂದು ಸೀಟಿನಲ್ಲಿ ಕೂತರು. ಬೋರಲಿಂಗಯ್ಯ ಹಿಂದೆ ಒಬ್ಬನೇ, ತೊಡೆಯ ಮೇಲೆ ಒಂದು ಬಟ್ಟೆಯ ಚೀಲ.

ಕಿಟಕಿಯಾಚೆ ತೆಂಗು, ಹಿಪ್ಪುನೇರಳೆ ತೋಟ, ಗುಂಡುಬಂಡೆಗಳು ಹಿಂದಕ್ಕೆ ಓಡುತ್ತಿದ್ದವು. ಅಜ್ಜಿಯ ಕಾಲು ಬಸ್ಸಿನ ತಾಳಕ್ಕೆ ಕುಣಿಯುತ್ತಿತ್ತು. ಅಪ್ಪ ಹೇಳಿದ ಹಾಗೆ ಸುಮ್ಮನೆ ಕರೆದೊಯ್ದು ಕಾರ್ಖಾನೆಯ ಗೋಡೆಯ ಮುಂದೆ ನಿಲ್ಲಿಸಿದರೆ, ಅದು ಇನ್ನೊಂದು ಕೆಂಗಲ್ ಆಗುತ್ತದೆ ಅಂತ ಭಾನುವಿಗೆ ಅನ್ನಿಸಿತು. ಅಂದು ದರ್ಶನಕ್ಕೆ ಅಂತ ಕರೆದೊಯ್ದರು, ಇಂದು ಮನೆಗೆ ಅಂತ. ಆದರೆ ನೇರವಾಗಿ ಹೇಳಲು ನಾಲಗೆ ಏಳಲಿಲ್ಲ. ಅವಳಿಗೆ ಗೊತ್ತಿದ್ದ ದಾರಿ ಒಂದೇ.

"ಅಜ್ಜಿ, ಒಂದು ಕತೆ ಹೇಳ್ಳಾ?"

"ನೀನಾ? ಹೇಳು ಮತ್ತೆ."

"ಒಂದೂರಲ್ಲಿ ಒಬ್ಬಳು ಹುಡುಗಿ ಇದ್ದಳಂತೆ."

"ಹೂಂ."

"ಕಳೆದುಹೋದ ಊರನ್ನ ಗಾಜಿನೊಳಗೆ ಕೂರಿಸೋ ವಿದ್ಯೆ ಅವಳಿಗೆ ಬರ್ತಿತ್ತಂತೆ."

"ಹೂಂ."

"ಬೆರಳಲ್ಲಿ ಟಕಟಕ ಅಂದ್ರೆ ಗೋಡೆ. ಇನ್ನೊಂದ್ಸಲ ಅಂದ್ರೆ ಹುಣಸೆಮರ."

"ಹೂಂ. ಒಳ್ಳೆ ವಿದ್ಯೆ."

"ಒಂದಿನ ಒಬ್ಬಳು ಅಜ್ಜಿ ಬಂದು ಆ ಗಾಜಿನ ಮುಂದೆ ಕೂತಳು. ಇದು ನನ್ನ ಮನೆ ಅಲ್ವಾ ಅಂದಳು. ಹುಡುಗಿ ಹೌದು ಅಂದುಬಿಟ್ಟಳು."

"ಹೂಂ," ಅಂದಳು ಮುನಿಯಮ್ಮ. ಈ ಹೂಂ ಸ್ವಲ್ಪ ತಡವಾಗಿ ಬಂತು.

"ಆದ್ರೆ ಅದು ಮನೆ ಆಗಿರ್ಲಿಲ್ಲ ಅಜ್ಜಿ. ಹುಡುಗಿ ಕಟ್ಟಿದ ಬೊಂಬೆ ಮನೆ. ನಿಜದ ಮನೆ ಯಾವತ್ತೋ ಬಿದ್ದುಹೋಗಿತ್ತು. ಮಗ ಸುಳ್ಳು ಹೇಳಿರ್ಲಿಲ್ಲ. ಬಣ್ಣದ ರಂಗೋಲಿ ಹಾಕಿದ್ದೂ ಆ ಹುಡುಗೀನೇ."

ಹೂಂ ಬರಲಿಲ್ಲ.

ಕತೆ ಅಲ್ಲೇ ನಿಂತಿತು. ಹೂಂ ಇಲ್ಲದೆ ಮುಂದೆ ಹೋಗುವ ಹಾಗಿಲ್ಲ, ಅದು ಅಜ್ಜಿಯೇ ಹಾಕಿದ ಕಟ್ಟು. ಬಸ್ಸು ಓಡುತ್ತಿತ್ತು. ಅಜ್ಜಿ ಕಿಟಕಿಯ ಕಡೆ ಮುಖ ತಿರುಗಿಸಿದ್ದಳು, ಕುಣಿಯುತ್ತಿದ್ದ ಕಾಲು ನಿಂತಿತ್ತು. ಭಾನು ತನ್ನ ಕೈಗಳನ್ನೇ ನೋಡಿಕೊಂಡು ಕೂತಳು. ಟಕಟಕ ಅನ್ನಲು ಬಿಟ್ಟರೆ ಇನ್ನೇನೂ ಬಾರದ ಕೈಗಳು. ಸಾತನೂರು ಬಂತು. ಸೌತೆಕಾಯಿ ಮಾರುವವರು ಕಿಟಕಿಗೆ ಬಂದು ಹೋದರು. ಕಂಡಕ್ಟರ್ ಸೀಟಿ ಊದಿದ. ಅಜ್ಜಿ ಅತ್ತ ತಿರುಗಿದವಳು ಇತ್ತ ತಿರುಗಲಿಲ್ಲ. ಕನಕಪುರದಲ್ಲಿ ಇಳಿದು ಮರಳವಾಡಿಯ ಬಸ್ಸು ಹತ್ತುವಾಗಲೂ ಭಾನು ಚಾಚಿದ ಕೈಯನ್ನು ಹಿಡಿಯದೆ ಸರಳು ಹಿಡಿದೇ ಹತ್ತಿದಳು. ಆದರೆ ಪಕ್ಕದಲ್ಲೇ ಬಂದು ಕೂತಳು. ಆ ಬಸ್ಸು ಕನಕಪುರ ಬಿಟ್ಟು ಎಷ್ಟೋ ದೂರ ಬಂದ ಮೇಲೆ, ಕಿಟಕಿಯನ್ನೇ ನೋಡುತ್ತ ಅಂದಳು.

"ಹೂಂ. ಆಮೇಲೆ?"

"ಆಮೇಲೆ ಹುಡುಗಿಗೆ ನಿದ್ದೆ ಬರ್ಲಿಲ್ಲ ಅಜ್ಜಿ."

"ಹೂಂ."

"ಆದ್ರೂ ಭಾಷೆ ಕೊಟ್ಟಿದ್ದಳಲ್ಲ. ಅದಕ್ಕೆ ಕರ್ಕೊಂಡು ಹೊರಟಳು."

"ಅವಳು ಮೊದ್ಲೇ ಹಿಂಗೆ ಒಂದೂರಲ್ಲಿ ಅಂತ ಶುರು ಮಾಡ್ಬೇಕಿತ್ತು," ಅಂದಳು ಮುನಿಯಮ್ಮ. "ಹಂಗಂದಿದ್ರೆ ಅಜ್ಜಿ ಕತೆ ಅಂತ ಕೇಳ್ತಿದ್ದಳು. ಕತೆ ಕೇಳಾಕೆ ಅವಳಿಗೇನು ಬ್ಯಾಸರವಾ."

ಭಾನು ಅಳುತ್ತಿದ್ದಳು. ಅಜ್ಜಿ ಸಮಾಧಾನ ಮಾಡಲಿಲ್ಲ. ಅಳಲು ಬಿಟ್ಟಳು.

ಊರ ದಾರಿ ಈಗ ಡಾಂಬರು ರಸ್ತೆಯಾಗಿತ್ತು. ಎರಡೂ ಕಡೆ ಉದ್ದಕ್ಕೆ ಕಾಂಪೌಂಡು, ಒಳಗೆ ತಗಡಿನ ಷೆಡ್ಡುಗಳು, ಎಲ್ಲಿಂದಲೋ ನಿಲ್ಲದ ಒಂದು ಗುಂಯ್ ಸದ್ದು. ಓಣಿ ಇರಲಿಲ್ಲ, ಹುಣಸೆಮರ ಇರಲಿಲ್ಲ. ಆನೆಬಂಡೆ ಮಾತ್ರ ಬೆನ್ನು ಬಗ್ಗಿಸಿಕೊಂಡು ಅಲ್ಲೇ ಕೂತಿತ್ತು. ಬೋರಲಿಂಗಯ್ಯ ಬಂಡೆಯನ್ನು ನೋಡಿ, ಸೂರ್ಯನನ್ನು ನೋಡಿ, ಕಾಂಪೌಂಡಿನ ಒಂದು ಕಡೆ ಹೋಗಿ ನಿಂತ.

"ಇಲ್ಲಿ ಅವ್ವ. ಹೊಸ್ತಿಲು ಗೋಡೆಯಿಂದ ಒಳಕ್ಕೆ ಹೋಯ್ತು. ಅಂಗಳ ಅರ್ಧ ಒಳಗೈತೆ, ಅರ್ಧ ಹೊರಗೈತೆ."

ಮುನಿಯಮ್ಮ ಗೋಡೆಯ ಮೇಲೆ ಕೈಯಿಟ್ಟಳು. ಎತ್ತನ್ನು ಮುಟ್ಟಿ ನೋಡುವ ಹಾಗೆ ಸಿಮೆಂಟನ್ನು ಸವರಿದಳು.

"ನಾನು ಕೆಂಗಲ್‌ನಲ್ಲಿ ಕೈ ಮುಗೀತಿದ್ದಾಗ ಇಲ್ಲಿ ಹೆಂಚು ಇಳೀತಿತ್ತು."

"ಹೂಂ ಅವ್ವ."

"ಅವತ್ತೇ ತೋರ್ಸಿದ್ರೆ ಅವತ್ತೇ ಅತ್ತು ಮುಗಿಸ್ತಿದ್ದೆ ಕಣ್ಲಾ ಬೋರಾ."

ಗೇಟಿನ ಕಡೆಯಿಂದ ಸೆಕ್ಯೂರಿಟಿಯವನು ನಡೆದು ಬಂದ. ಬೇರೆ ಕಡೆಯ ಮನುಷ್ಯ, ಕನ್ನಡ ಅರ್ಧಂಬರ್ಧ. ಇಲ್ಲಿ ನಿಲ್ಲಬಾರದು, ಲಾರಿ ಬರುತ್ತೆ ಅಂದ. ಮುನಿಯಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ನಮ್ಮ ಅಂಗಳದಲ್ಲಿ ನಿಂತ್ಕೊಂಡು ನಮಗೇ ಹೇಳ್ತೀಯಲ್ಲಪ್ಪ. ನಿಮ್ಮೂರಲ್ಲಿ ನಿಮ್ಮವ್ವ ಬಾಗ್ಲಿಗೆ ನೀರು ಹಾಕಾಕಿಲ್ವಾ? ಒಂದು ಗಳಿಗೆ ಇರು."

ಅವನಿಗೆ ಎಷ್ಟು ಅರ್ಥವಾಯಿತೋ. ಗೇಟಿನ ಕಡೆಗೆ ಹೋಗಿ ಬೆನ್ನು ತಿರುಗಿಸಿ ನಿಂತ.

ಅಜ್ಜಿ ಸೆರಗಿನ ಗಂಟು ಬಿಚ್ಚತೊಡಗಿದಾಗ ಭಾನು ಅಳುಕುತ್ತ ಕೇಳಿದಳು. "ಸಾವಾದ ಮನೆ ಮುಂದೆ ರಂಗೋಲಿ ಬಿಡಬಾರ್ದು ಅಲ್ವಾ ಅಜ್ಜಿ?"

"ಹನ್ನೊಂದು ದಿನ ಬುಡಬಾರ್ದು." ಮುನಿಯಮ್ಮ ಕೂತಳು. "ಮೂರು ವರ್ಷ ಆಯ್ತಲ್ಲೇ."

ರಸ್ತೆಯ ಪಕ್ಕದಲ್ಲಿ ದನ ಹಾಕಿದ ಸಗಣಿ ಸಿಕ್ಕಿತು. ಭಾನು ಬಾಟಲಿಯ ನೀರನ್ನು ಸುರಿದಳು, ಅಜ್ಜಿ ಕೈಯಲ್ಲೇ ಬಳಿದು ಒಂದು ಮೊರದಷ್ಟು ನೆಲ ಸಾರಿಸಿದಳು. ಒಣಗಲು ಕಾದರು. ಸೆರಗಿನಲ್ಲಿದ್ದ ಪುಡಿ ಬೆವರಿಗೆ ನೆನೆದು ಮುದ್ದೆಯಾಗಿತ್ತು, ಬೆರಳಿನಿಂದ ಇಳಿಯಲೊಲ್ಲದು. ಮುನಿಯಮ್ಮ ಅದನ್ನು ಉಜ್ಜಿ ಉಜ್ಜಿ ನೋಡಿ ಕೈಬಿಟ್ಟಳು.

ಬೋರಲಿಂಗಯ್ಯ ಬಟ್ಟೆಯ ಚೀಲ ತೆರೆದ. ಒಳಗೆ ಅಕ್ಕಿ ಹಿಟ್ಟಿತ್ತು, ಹೊರಡುವ ಮುಂಚೆ ತಾನೇ ನುಣ್ಣಗೆ ಬೀಸಿ ಜರಡಿ ಹಿಡಿದದ್ದು. ಬೇಡ ಅಂದರೆ ಏನು ಮಾಡುವುದು ಅಂತ ತಿಳಿಯದೆ, ಚೀಲವನ್ನು ನೆಲದ ಮೇಲೆ, ತಾಯಿಯ ಕೈಗೆ ಎಟುಕುವಷ್ಟು ದೂರದಲ್ಲಿ ಇಟ್ಟು ಹಿಂದೆ ಸರಿದ.

ಮುನಿಯಮ್ಮ ಸ್ವಲ್ಪ ಹೊತ್ತು ಆ ಚೀಲವನ್ನು ನೋಡಿದಳು. ಆಮೇಲೆ ಕೈ ಹಾಕಿ ಒಂದು ಚಿಟಿಕೆ ತೆಗೆದು, ಹೆಬ್ಬೆರಳಿನಲ್ಲಿ ಉಜ್ಜಿ ನೋಡಿದಳು.

"ನುಣ್ಣಗೈತೆ," ಅಂದಳು.

ಚುಕ್ಕಿ ಇಟ್ಟಳು. ಬಣ್ಣವಿಲ್ಲ, ಕಮಲವಿಲ್ಲ. ಬಿಳಿಯ ಚುಕ್ಕಿ, ಅದರ ಸುತ್ತ ಬಳಸಿ ಬರುವ ಒಂದೇ ಎಳೆ. ವಯಸ್ಸಾದ ಕೈಗೆ ಹಳೆಯ ದಾರಿ ಸಿಕ್ಕಿತು. ಒಂದು ಲಾರಿ ಪಕ್ಕದಲ್ಲೇ ಹಾದು ಧೂಳೆಬ್ಬಿಸಿತು. ಭಾನು ಬಾಗಿ ಎರಡೂ ಅಂಗೈ ಅಡ್ಡ ಹಿಡಿದಳು. ಎಳೆ ಬಾಗಿತು, ತಿರುಗಿತು, ಗೋಡೆಯ ಬುಡಕ್ಕೆ ಹೋಗಿ ಮುಟ್ಟಿ ಮರಳಿ ಬಂತು.

"ಆ ಗಾಜಿನೊಳಗೆ ಬಣ್ಣದ್ದ ಅಳಿಸ್ಬುಡು," ಅಂದಳು ಅಜ್ಜಿ, ತಲೆ ಎತ್ತದೆ. "ಇದ ನೋಡ್ಕ. ಹಿಂಗೆ."

"ಹೂಂ ಅಜ್ಜಿ."

ಎಳೆ ಹೊರಟಲ್ಲಿಗೇ ಬಂದು ಕೂಡಿಕೊಂಡಿತು. ಮುನಿಯಮ್ಮ ಕೈ ಕೊಡವಿ, ಹತ್ತಿರ ಬಂದು ಬಾಗಿದ ಮಗನ ಭುಜ ಹಿಡಿದು ಎದ್ದಳು.